ಹಿರಿಯರ ಋಣವೂ ಮತದ ಎಣಿಕೆಯೂ

ಗೃಹಸ್ಥನ ಮನೆಯಲ್ಲಿ ಹಾಲು ಹಂಚುವಾಗ ಕೈ ಎತ್ತಿಸಿ ಎಣಿಸುವ ವಾಡಿಕೆಯಿಲ್ಲ. ಹಿರಿಯರು ಐವರಿದ್ದು ಕೂಸು ಒಂದೇ ಇದ್ದರೂ ಕೂಸಿನ ಬಟ್ಟಲು ಮೊದಲು ತುಂಬುತ್ತದೆ. ಮಕ್ಕಳು ಐವರಿದ್ದು ಹಾಸಿಗೆ ಹಿಡಿದ ಅಜ್ಜಿ ಒಬ್ಬಳೇ ಇದ್ದರೂ ಆಕೆಯ ಗಂಜಿಗೆ ಬೇಕಾದುದನ್ನು ತೆಗೆದಿರಿಸಿದ ಮೇಲೆಯೇ ಉಳಿದವರ ಪಾಲು. ಅಲ್ಲಿ ಅವಶ್ಯಕತೆಯೇ ಪ್ರಮಾಣ, ಸಂಖ್ಯೆಯಲ್ಲ. ಆದರೆ ರಾಜ್ಯವೆಂಬ ದೊಡ್ಡ ಮನೆಯಲ್ಲಿ ಪಾಲನ್ನು ಗೊತ್ತುಮಾಡುವವರು ಮತದಿಂದ ಆರಿಸಿಬಂದವರು. ಮತವೋ ಎಣಿಕೆಗೆ ಒಳಪಟ್ಟುದು. ಹೀಗಿರಲು ಒಂದು ದೇಶದಲ್ಲಿ ವೃದ್ಧರ ಸಂಖ್ಯೆ ಬೆಳೆಯುತ್ತ, ಹುಟ್ಟುವ ಮಕ್ಕಳ ಸಂಖ್ಯೆ ಕುಗ್ಗುತ್ತ ಹೋದರೆ, ಸರಕಾರದ ಔಷಧೋಪಚಾರದ ಬೊಕ್ಕಸವು ಯಾರ ಮಾತಿಗೆ ತೆರೆದುಕೊಳ್ಳಬೇಕು? ಕೂಸಿಗೆ ಮತವಿಲ್ಲ, ಇನ್ನೂ ಹುಟ್ಟದ ಕೂಸಿಗೆ ಅಳುವ ಧ್ವನಿಯೂ ಇಲ್ಲ. ಆದರೂ ಇಂದು ಮಾಡಿದ ಸಾಲವನ್ನು ನಾಳೆ ತೀರಿಸತಕ್ಕವರು ಅವರೇ. ಕೇಳದೆ ಹೊರಿಸಿದ ಸಾಲಕ್ಕೆ ಧರ್ಮದ ಸಮ್ಮತಿಯುಂಟೆ?

ಇದು ಬರಿಯ ತರ್ಕಶಾಲೆಯ ಪ್ರಶ್ನೆಯಲ್ಲ. ಜಪಾನು ದೇಶವು ಆರು ದಶಕಗಳಿಂದ ಇದನ್ನು ಅನುಭವಿಸಿ ಕಂಡಿದೆ. ೧೯೪೯ರಲ್ಲಿ ಆ ದೇಶದಲ್ಲಿ ಜನಿಸಿದ ಮಕ್ಕಳು ೨೬ ಲಕ್ಷ ೯೬ ಸಾವಿರ. ೨೦೨೪ರಲ್ಲಿ ಜನಿಸಿದವರು ೬ ಲಕ್ಷ ೮೬ ಸಾವಿರ. ೬೫ ವರ್ಷ ತುಂಬಿದವರು ೧೯೭೦ರಲ್ಲಿ ನೂರಕ್ಕೆ ೭ ಮಂದಿ. ೧೯೯೪ರ ವೇಳೆಗೆ ೧೪ ಮಂದಿ. ಇಷ್ಟು ದೂರವನ್ನು ಕ್ರಮಿಸಲು ಫ್ರಾನ್ಸ್ ದೇಶಕ್ಕೆ ನೂರು ವರ್ಷಕ್ಕೂ ಮಿಕ್ಕಿ ಕಾಲ ಬೇಕಾಗಿತ್ತು. ಜಪಾನಿಗೆ ೨೪ ವರ್ಷ ಸಾಕಾಯಿತು. ೨೦೨೪ರಲ್ಲಿ ಆ ಸಂಖ್ಯೆ ನೂರಕ್ಕೆ ೨೯ನ್ನು ದಾಟಿತ್ತು. ಒಂದು ತಲೆಮಾರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮನೆಯ ಪಡಸಾಲೆಯಲ್ಲಿ ಕುಳಿತವರೆಲ್ಲರ ತಲೆ ನರೆತುಹೋಯಿತು ಎಂದರೂ ಸಲ್ಲುತ್ತದೆ.

ಆ ದೇಶದ ವೈದ್ಯಸಹಾಯದ ಏರ್ಪಾಡು ಸ್ಥೂಲವಾಗಿ ಇಂತಿದೆ. ೧೯೬೧ರ ಏಪ್ರಿಲಿನಿಂದ ಪ್ರಜೆಗಳೆಲ್ಲರೂ ಯಾವುದಾದರೊಂದು ಆರೋಗ್ಯವಿಮೆಗೆ ಸೇರಬೇಕೆಂಬ ನಿಯಮ ದೇಶಾದ್ಯಂತ ಜಾರಿಗೆ ಬಂದಿತು. ದುಡಿಯುವವನು ತನ್ನ ಸಂಪಾದನೆಯಲ್ಲಿ ಒಂದು ಪಾಲನ್ನು ವಂತಿಗೆಯಾಗಿ ಸಲ್ಲಿಸುತ್ತಾನೆ; ಸರಕಾರವು ತೆರಿಗೆಯ ಹಣವನ್ನು ಅದಕ್ಕೆ ಕೂಡಿಸುತ್ತದೆ; ರೋಗ ಬಂದವನು ಚಿಕಿತ್ಸೆಯ ಬೆಲೆಯಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಕೈಯಿಂದ ಕೊಡುತ್ತಾನೆ. ಕಾಯಕದ ಫಲದಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಸಲ್ಲಿಸುವ ಪದ್ಧತಿಯನ್ನು ಅರಿತ ಗೃಹಸ್ಥರಿಗೆ ಇದರ ತಿರುಳು ಹೊಸದೆನಿಸಲಾರದು. ಒಂದು ಭೇದವುಂಟು: ದಾಸೋಹವು ಮನವೊಪ್ಪಿ ಸಲ್ಲಿಸತಕ್ಕದ್ದು, ವಂತಿಗೆಯು ಕಾನೂನಿಗೆ ಒಳಪಟ್ಟು ಸಲ್ಲಿಸತಕ್ಕದ್ದು. ಕಾನೂನು ಎಂದೊಡನೆ ಪಕ್ಷ, ಪಕ್ಷ ಎಂದೊಡನೆ ಚುನಾವಣೆ.

ಹಿರಿಯರಿಗೆ ಉಚಿತ ಚಿಕಿತ್ಸೆ ಎಂಬ ಮಾತು ಅಲ್ಲಿ ಮೊದಲು ಹುಟ್ಟಿದುದು ರಾಜಧಾನಿಯಲ್ಲಲ್ಲ, ಯಾವ ಪಕ್ಷದ ಪ್ರಣಾಳಿಕೆಯಲ್ಲಿಯೂ ಅಲ್ಲ. ಇವಾಟೆ ಪ್ರಾಂತದ ಬೆಟ್ಟಗಳ ನಡುವೆ ಸವಾಉಚಿ ಎಂಬ ಹಳ್ಳಿ. ಚಳಿಗಾಲದಲ್ಲಿ ಆಳೆತ್ತರಕ್ಕೂ ಮೀರಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತಿತ್ತು. ರೋಗಿಯನ್ನು ವೈದ್ಯನ ಬಳಿಗೆ ಒಯ್ಯುವುದೇ ದುಸ್ಸಾಧ್ಯ. ಹಿಮ, ರೋಗ, ಬಡತನ ಇವು ಮೂರೂ ಆ ಊರಿನ ಶತ್ರುಗಳೆಂದು ಜನ ಹೇಳುತ್ತಿದ್ದರು. ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು ೭೦ ಕೂಸುಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಅಂಥಲ್ಲಿಗೆ ೧೯೫೭ರಲ್ಲಿ ಫುಕಾಸಾವಾ ಮಸಾವೊ ಎಂಬಾತ ಗ್ರಾಮಾಧ್ಯಕ್ಷನಾದನು. ಹಿಮ ತಳ್ಳುವ ಯಂತ್ರವನ್ನು ತರಿಸಿ ಚಳಿಗಾಲದಲ್ಲಿಯೂ ದಾರಿ ತೆರೆದಿರುವಂತೆ ಮಾಡಿದನು. ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಯಹೇಳುವ ಆರೋಗ್ಯ ಸೇವಕಿಯರನ್ನು ನೇಮಿಸಿದನು. ೧೯೬೦ರ ಡಿಸೆಂಬರಿನಲ್ಲಿ ೬೫ ವರ್ಷ ದಾಟಿದವರಿಗೂ, ಮರುವರ್ಷದ ಏಪ್ರಿಲಿನಲ್ಲಿ ೬೦ ದಾಟಿದವರಿಗೂ ವರ್ಷ ತುಂಬದ ಕೂಸುಗಳಿಗೂ ಚಿಕಿತ್ಸೆಯನ್ನು ಉಚಿತವಾಗಿಸಿದನು. ಇದು ವಿಮೆಯ ಕಾನೂನಿಗೆ ವಿರುದ್ಧವೆಂದು ಮೇಲಧಿಕಾರಿಗಳು ಆಕ್ಷೇಪಿಸಿದಾಗ, ಕಾನೂನಿಗೆ ವಿರುದ್ಧವಾದರೂ ಆಗಬಹುದು, ಪ್ರಜೆಗಳಿಗೆ ಆರೋಗ್ಯಕರ ಜೀವನದ ಹಕ್ಕನ್ನು ಕೊಟ್ಟ ಸಂವಿಧಾನದ ೨೫ನೆಯ ವಿಧಿಗೆ ವಿರುದ್ಧವಲ್ಲ ಎಂಬುದು ಆತನ ಉತ್ತರವಾಗಿತ್ತು. ೧೯೬೨ರಲ್ಲಿ ಆ ಹಳ್ಳಿಯಲ್ಲಿ ಒಂದು ಕೂಸೂ ಸಾಯಲಿಲ್ಲ. ಜಪಾನಿನ ಯಾವ ಊರಿನಲ್ಲಿಯೂ ಅದುವರೆಗೆ ಹಾಗೆ ಆದುದಿರಲಿಲ್ಲ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಫುಕಾಸಾವಾ ಮಸಾವೊ ಮುದುಕರನ್ನೂ ಕೂಸುಗಳನ್ನೂ ಒಂದೇ ಆಜ್ಞೆಯಲ್ಲಿ ಹಿಡಿದನು. ಬಾಳಿನ ಎರಡು ತುದಿಗಳಲ್ಲಿ ಇರುವವರು ಇಬ್ಬರೂ ದುಡಿಯಲಾರದವರು, ಇಬ್ಬರೂ ಪರಾಧೀನರು. ಮುದುಕರಿಗೆ ಮತವಿತ್ತು, ಕೂಸುಗಳಿಗೆ ಇರಲಿಲ್ಲ. ಆತನ ತಕ್ಕಡಿಯಲ್ಲಿ ಆ ವ್ಯತ್ಯಾಸಕ್ಕೆ ತೂಕವಿರಲಿಲ್ಲ.

ಮುಂದಿನ ಕಥೆ ಬೇರೆ. ಹಳ್ಳಿಯ ಧರ್ಮಕಾರ್ಯವು ನಗರಕ್ಕೆ ಬಂದು ಪಕ್ಷಗಳ ಪಣವಾಯಿತು. ಸಮಾಜವಾದಿ ಮತ್ತು ಕಮ್ಯೂನಿಸ್ಟ್ ಪಕ್ಷಗಳ ಬೆಂಬಲದಿಂದ ೧೯೬೭ರಲ್ಲಿ ಟೋಕಿಯೋ ನಗರದ ಗವರ್ನರನಾಗಿ ಆರಿಸಿಬಂದ ಮಿನೊಬೆ ರ್ಯೋಕಿಚಿಯು ೧೯೬೯ರಲ್ಲಿ ೭೦ ದಾಟಿದವರಿಗೆ ಉಚಿತ ಚಿಕಿತ್ಸೆಯನ್ನು ಜಾರಿಗೊಳಿಸಿದನು. ಜನರು ಮೆಚ್ಚಿದರು, ಬೇರೆ ಪ್ರಾಂತಗಳೂ ನಗರಗಳೂ ಅನುಸರಿಸಿದವು. ಕೇಂದ್ರದಲ್ಲಿ ಆಳುತ್ತಿದ್ದ ಲಿಬರಲ್ ಡೆಮಾಕ್ರಟಿಕ್ ಪಕ್ಷವು ಮೊದಲು ಹಿಂಜರಿಯಿತು. ಆದರೆ ನಗರಗಳು ಒಂದೊಂದಾಗಿ ಕೈತಪ್ಪುತ್ತಿರುವುದನ್ನು ಕಂಡ ಮೇಲೆ ಎದುರಾಳಿಯ ಅಸ್ತ್ರವನ್ನೇ ತಾನು ಎತ್ತಿಕೊಂಡಿತು. ೧೯೭೩ರ ಜನವರಿಯಿಂದ ೭೦ ದಾಟಿದವರಿಗೆ ದೇಶಾದ್ಯಂತ ಚಿಕಿತ್ಸೆ ಉಚಿತವಾಯಿತು. ಪ್ರಧಾನಿ ತನಾಕಾ ಕಾಕುಯೆಯಿಯ ಸರಕಾರವು ಆ ವರ್ಷವನ್ನು ಜನಕಲ್ಯಾಣದ ಪ್ರಥಮ ವರ್ಷವೆಂದು ಸಾರಿತು. ದುರ್ದೈವದಿಂದ ಅದೇ ಅಕ್ಟೋಬರಿನಲ್ಲಿ ಅರಬ್ ದೇಶಗಳಲ್ಲಿ ಯುದ್ಧ ಹೊತ್ತಿ ಎಣ್ಣೆಯ ಬೆಲೆ ಏರಿತು. ವರ್ಷವರ್ಷವೂ ಹಿಗ್ಗುತ್ತಿದ್ದ ಬೊಕ್ಕಸದ ಹಿಗ್ಗು ನಿಂತಿತು.

ಉಚಿತವೆಂದ ಮೇಲೆ ಆಸ್ಪತ್ರೆಗಳ ಪಡಸಾಲೆ ತುಂಬಿತು. ಜಪಾನಿನಲ್ಲಿ ಆ ಕಾಲದ ಒಂದು ವಿನೋದೋಕ್ತಿ ಇಂದಿಗೂ ಪ್ರಚಾರದಲ್ಲಿದೆ: ದಿನವೂ ಆಸ್ಪತ್ರೆಯಲ್ಲಿ ಕಲೆಯುವ ಮುದುಕರಲ್ಲಿ ಒಬ್ಬಾಕೆ ಒಂದು ದಿನ ಬಾರದಿರಲು, ಉಳಿದವರು, ಪಾಪ, ಆಕೆಗೆ ಮೈ ಸರಿಯಿಲ್ಲವೋ ಏನೋ ಎಂದು ಮರುಗಿದರಂತೆ. ನಗುವವರು ನಗಲಿ. ಆದರೆ ಆ ಮುದುಕರು ಅಲ್ಲಿಗೆ ಹೋಗುತ್ತಿದ್ದುದು ಬರಿಯ ಔಷಧಿಗೋ, ಮಾತನಾಡುವ ಒಬ್ಬ ಜೊತೆಗಾರನಿಗೋ? ಮಕ್ಕಳು ನಗರ ಸೇರಿದ ಮನೆಗಳಲ್ಲಿ ಉಪಚರಿಸುವವರಿಲ್ಲದೆ, ರೋಗ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಆಸ್ಪತ್ರೆಯ ಮಂಚದಲ್ಲಿ ಉಳಿದವರು ಬಹುಮಂದಿ. ಮನೆಯ ಕೆಲಸವನ್ನು ವೈದ್ಯರ ತಲೆಯ ಮೇಲೆ ಹೊರಿಸಿದಾಗ ಖರ್ಚು ಏರುವುದು ಸಹಜ. ೧೯೮೩ರ ಫೆಬ್ರವರಿಯಲ್ಲಿ ಉಚಿತವೆಂಬುದು ಕೊನೆಗೊಂಡಿತು: ತಿಂಗಳಿಗೆ ೪೦೦ ಯೆನ್, ಆಸ್ಪತ್ರೆಯಲ್ಲಿ ಮಲಗಿದವರಿಗೆ ದಿನಕ್ಕೆ ೩೦೦ ಯೆನ್. ಅಲ್ಪ ಹಣವೇ. ಆದರೂ ಒಮ್ಮೆ ಕೊಟ್ಟುದನ್ನು ಹಿಂದಕ್ಕೆ ಪಡೆಯಲು ಹತ್ತು ವರ್ಷ ಹಿಡಿಯಿತು ಎಂಬುದು ವಿಚಾರಣೀಯ. ೨೦೦೦ದಲ್ಲಿ ಶುಶ್ರೂಷೆಗೆಂದೇ ಬೇರೊಂದು ವಿಮೆ ಬಂದಿತು. ೪೦ ವರ್ಷ ತುಂಬಿದವರೆಲ್ಲರೂ ಅದಕ್ಕೆ ವಂತಿಗೆ ಸಲ್ಲಿಸಬೇಕಾಯಿತು.

ಇನ್ನು ೨೦೦೮ರ ಪ್ರಸಂಗ. ೭೫ ವರ್ಷ ತುಂಬಿದವರೆಲ್ಲರನ್ನೂ ಇದ್ದ ವಿಮೆಗಳಿಂದ ಬಿಡಿಸಿ ಪ್ರತ್ಯೇಕ ವಿಮೆಯಲ್ಲಿ ಇರಿಸಿದರು. ಅದರ ಲೆಕ್ಕವು ಅನ್ಯಾಯವಾದುದೇನಲ್ಲ: ಚಿಕಿತ್ಸೆಯ ವೆಚ್ಚದಲ್ಲಿ ಅರ್ಧದಷ್ಟು ಸರಕಾರದ್ದು, ನೂರಕ್ಕೆ ೪೦ರಷ್ಟು ಕಿರಿಯರ ವಿಮೆಗಳದ್ದು, ನೂರಕ್ಕೆ ೧೦ರಷ್ಟು ಮಾತ್ರ ಆ ವೃದ್ಧರ ವಂತಿಗೆ. ಹಾಗಿದ್ದೂ ದೇಶವೆಲ್ಲ ಸಿಟ್ಟಿಗೆದ್ದಿತು. ಏಕೆ? ಅದುವರೆಗೆ ಮಗನ ವಿಮೆಯ ಆಶ್ರಯದಲ್ಲಿದ್ದ ತಾಯಿಯು ೭೫ನೆಯ ಹುಟ್ಟುಹಬ್ಬದಂದು ಆ ಆಶ್ರಯದಿಂದ ಹೊರಬಿದ್ದಳು. ವಂತಿಗೆಯನ್ನು ಆಕೆಯ ಪಿಂಚಣಿಯಿಂದ ನೇರವಾಗಿ ಮುರಿದುಕೊಂಡರು. ಯೋಜನೆಗೆ ಅಧಿಕಾರಿಗಳು ಇಟ್ಟ ಹೆಸರಿನಲ್ಲಿ ಅಂತಿಮ ಘಟ್ಟದ ವೃದ್ಧರು ಎಂಬ ಧ್ವನಿಯಿತ್ತು. ಪ್ರಧಾನಿ ಫುಕುದಾ ಯಾಸುವೊನ ಸರಕಾರವು ಅದನ್ನು ದೀರ್ಘಾಯುಷ್ಯದ ಯೋಜನೆ ಎಂದು ಕರೆದು ಸಮಾಧಾನಪಡಿಸಲು ನೋಡಿತು. ಹುಣ್ಣಿಗೆ ಹೂವಿನ ಹೆಸರಿಟ್ಟರೆ ನೋವು ಹೋದೀತೆ? ಆ ಏಪ್ರಿಲಿನಲ್ಲಿಯೇ ಯಾಮಾಗುಚಿಯ ಉಪಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು. ಮರುವರ್ಷ ೪೮೦ ಸ್ಥಾನಗಳ ಸಭೆಯಲ್ಲಿ ವಿರೋಧಪಕ್ಷವಾದ ಡೆಮಾಕ್ರಟಿಕ್ ಪಕ್ಷವು ೩೦೮ ಸ್ಥಾನಗಳನ್ನು ಗೆದ್ದಿತು. ಆ ಗೆಲವಿಗೆ ಬೇರೆ ಕಾರಣಗಳೂ ಇದ್ದವು; ಆದರೆ ಈ ಯೋಜನೆಯನ್ನು ರದ್ದುಮಾಡುವೆವೆಂಬ ವಚನವೂ ಅವುಗಳಲ್ಲಿ ಒಂದು. ಗೆದ್ದ ಪಕ್ಷವು ಮೂರು ವರ್ಷಕ್ಕೂ ಮಿಕ್ಕಿ ಆಳಿತು; ಯೋಜನೆಯನ್ನು ರದ್ದುಮಾಡಲಿಲ್ಲ. ಲೆಕ್ಕದ ಪುಸ್ತಕವನ್ನು ಕೈಗೆತ್ತಿಕೊಂಡ ಮೇಲೆ ಬೇರೆ ದಾರಿ ಕಾಣಲಿಲ್ಲವೆನ್ನಬೇಕು.

ಇಲ್ಲಿಯೇ ನೀತಿಯ ಗಂಟು ಇರುವುದು. ವೃದ್ಧರ ಆರೈಕೆಯನ್ನು ಮೂರು ಬಗೆಯಿಂದ ಕಾಣಬಹುದು. ಅದು ದಯೆ ಎನ್ನುವುದು ಒಂದು ಬಗೆ. ದಯೆಯಾದರೆ ಕೊಡುವವನ ಇಷ್ಟ, ಕಷ್ಟಕಾಲದಲ್ಲಿ ಕಡಿಮೆ ಮಾಡಬಹುದು. ಅದು ಬಲ ಎನ್ನುವುದು ಇನ್ನೊಂದು. ಮತ ಹೆಚ್ಚಿದ್ದವರು ಹೆಚ್ಚು ಪಡೆಯಲಿ. ಅದು ಋಣ ಎನ್ನುವುದು ಮೂರನೆಯದು, ಮೂರರಲ್ಲಿ ಇದೊಂದೇ ನಿಲ್ಲತಕ್ಕ ಮಾತು. ಯುದ್ಧದಲ್ಲಿ ಸುಟ್ಟು ಬೂದಿಯಾದ ಊರುಗಳನ್ನು ಕಟ್ಟಿದವರು ಆ ಮುದುಕರೇ. ದುಡಿಯುವ ಕಾಲದಲ್ಲಿ ತಮ್ಮ ಹಿರಿಯರಿಗಾಗಿ ವಂತಿಗೆ ಸಲ್ಲಿಸಿದವರೂ ಅವರೇ. ಅವರು ಬೇಡುವುದು ಭಿಕ್ಷೆಯಲ್ಲ. ಆದರೆ ಋಣವೆಂದು ಒಪ್ಪಿದೊಡನೆ ಅದಕ್ಕೆ ಎರಡು ಮುಖಗಳುಂಟೆಂಬುದನ್ನೂ ಒಪ್ಪಬೇಕಾಗುತ್ತದೆ. ತಂದೆತಾಯಿಗಳಿಂದ ಪಡೆದುದನ್ನು ಅವರಿಗೇ ಪೂರ್ತಿ ಹಿಂದಿರುಗಿಸಿ ತೀರಿಸಿದವರು ಲೋಕದಲ್ಲಿ ಯಾರೂ ಇಲ್ಲ. ಅದರ ಹೆಚ್ಚಿನ ಪಾಲು ತೀರುವುದು ಮುಂದಿನವರನ್ನು ಸಾಕುವುದರಿಂದಲೇ. ಋಣವನ್ನು ವಸೂಲು ಮಾಡುವ ಹಿರಿಯನೂ ಹೀಗೆ ಇನ್ನೊಂದು ಕಡೆ ಋಣಿಯೇ.

೨೦೦೮ರಲ್ಲಿ ಟೀಕಾಕಾರರು ಆ ವಿಮೆಯನ್ನು ಮುದುಕಿಯರನ್ನು ಬಿಡುವ ಬೆಟ್ಟವೆಂದು ಹಳಿದರು. ಜಪಾನಿನಲ್ಲಿ ಒಂದು ಹಳೆಯ ಐತಿಹ್ಯವುಂಟು. ಬಡತನದ ಕಾಲದಲ್ಲಿ, ಉಣ್ಣುವ ಬಾಯಿ ಹೆಚ್ಚಾಯಿತೆಂದು ಮಗನು ಮುದಿತಾಯಿಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟದಲ್ಲಿ ಬಿಟ್ಟುಬರಲು ಹೊರಟನು. ದಾರಿಯುದ್ದಕ್ಕೂ ತಾಯಿಯು ಗಿಡಗಳ ಟೊಂಗೆಗಳನ್ನು ಮುರಿದು ಮುರಿದು ಎಸೆಯುತ್ತಿದ್ದಳು. ತಾನು ತಿರುಗಿ ಬರಲು ಗುರುತು ಮಾಡುತ್ತಿರುವಳೆಂದು ಮಗನು ಬಗೆದನು. ಕೇಳಲಾಗಿ, ಕತ್ತಲಾದ ಮೇಲೆ ನೀನು ದಾರಿ ತಪ್ಪದೆ ಮನೆ ಸೇರಲೆಂದು, ಎಂದಳು. ಮಗನು ಅಳುತ್ತ ತಾಯಿಯನ್ನು ಮರಳಿ ಮನೆಗೆ ಹೊತ್ತು ತಂದನು. ಬೆಟ್ಟದ ಹೆಸರನ್ನು ಎತ್ತಿದ ಟೀಕಾಕಾರರು ಮಗನ ಪಾಪವನ್ನು ನೆನೆದರು, ಅದು ನೆನೆಯತಕ್ಕದ್ದೇ. ಮುರಿದ ಟೊಂಗೆಗಳ ಮಾತನ್ನು ಯಾರೂ ಎತ್ತಲಿಲ್ಲ.

ವೃದ್ಧರ ಕೈಯಲ್ಲಿ ಬೆತ್ತವಿದೆ, ಅವರು ತಮ್ಮ ಹೊಟ್ಟೆಗಾಗಿಯೇ ಮತ ಹಾಕುತ್ತಾರೆ ಎಂದು ದೂರುವವರು ಎಲ್ಲೆಡೆಯೂ ಉಂಟು. ಜಪಾನಿನಲ್ಲಿ ಇದಕ್ಕೆ ಬೆಳ್ಳಿಗೂದಲ ಪ್ರಜಾಪ್ರಭುತ್ವವೆಂಬ ಅಡ್ಡಹೆಸರೂ ಬಿದ್ದಿದೆ. ೨೦೨೧ರ ಚುನಾವಣೆಯಲ್ಲಿ ಅರವತ್ತರ ವಯಸ್ಸಿನವರು ನೂರಕ್ಕೆ ೭೧ ಮಂದಿ ಮತ ಹಾಕಿದರೆ ಇಪ್ಪತ್ತರ ವಯಸ್ಸಿನವರು ೩೬ ಮಂದಿ ಮಾತ್ರ. ಮತಗಟ್ಟೆಗೆ ಹೋಗದ ಕಿರಿಯರು ಹೋದ ಹಿರಿಯರನ್ನು ದೂರುವುದು ನ್ಯಾಯವಲ್ಲ. ಅದಕ್ಕಿಂತ ಮುಖ್ಯವಾಗಿ, ಹಿರಿಯರ ಮನಸ್ಸು ಅಷ್ಟು ಸಣ್ಣದಲ್ಲವೆಂಬುದಕ್ಕೆ ಅಲ್ಲಿಯೇ ನಿದರ್ಶನವಿದೆ. ೧೯೬೫ರಲ್ಲಿ ಒಬ್ಬ ವೃದ್ಧನಿಗೆ ಸುಮಾರು ೯ ಮಂದಿ ದುಡಿಯುವವರಿದ್ದರು; ೨೦೧೨ರಲ್ಲಿ ಎರಡೂವರೆ ಮಂದಿಯೂ ಇರಲಿಲ್ಲ. ಮೊದಲು ಗುಂಪು ಕೂಡಿ ಒಬ್ಬನನ್ನು ಮೇಲಕ್ಕೆತ್ತುತ್ತಿದ್ದುದು, ಮುಂದೆ ಒಬ್ಬನ ಹೆಗಲ ಮೇಲೆ ಒಬ್ಬನಾಗುವುದು ಎಂದು ಪ್ರಧಾನಿ ನೋದಾ ಯೋಶಿಹಿಕೊ ಜನರಿಗೆ ಬಿಡಿಸಿ ಹೇಳಿ, ಎದುರಾಳಿ ಪಕ್ಷಗಳೆರಡನ್ನು ಒಡಂಬಡಿಸಿ, ಮಾರಾಟ ತೆರಿಗೆಯನ್ನು ನೂರಕ್ಕೆ ೫ರಿಂದ ೧೦ಕ್ಕೆ ಹಂತಹಂತವಾಗಿ ಏರಿಸುವ ಕಾನೂನನ್ನು ತಂದನು. ಈ ತೆರಿಗೆಯು ದುಡಿಯುವವನನ್ನಷ್ಟೇ ಅಲ್ಲದೆ ಕೊಳ್ಳುವ ಮುದುಕನನ್ನೂ ಮುಟ್ಟತಕ್ಕದ್ದು. ಆತನ ಪಕ್ಷವು ಆ ಡಿಸೆಂಬರಿನಲ್ಲಿ ೫೭ ಸ್ಥಾನಗಳಿಗೆ ಇಳಿಯಿತು. ಸತ್ಯದ ಬೆಲೆ ಅಷ್ಟು. ಆದರೆ ಕಾನೂನು ಉಳಿಯಿತು. ೨೦೧೭ರಲ್ಲಿ ಆಬೆ ಶಿನ್‌ಜೊ ಆ ತೆರಿಗೆಯ ಹೆಚ್ಚಳದಲ್ಲಿ ಒಂದು ಪಾಲನ್ನು ಮಕ್ಕಳ ಕಡೆಗೆ ತಿರುಗಿಸುವೆನೆಂದು ಚುನಾವಣೆಯಲ್ಲಿ ಹೇಳಿಯೇ ಗೆದ್ದನು. ೨೦೧೯ರ ಅಕ್ಟೋಬರಿನಲ್ಲಿ ತೆರಿಗೆ ೧೦ ಆಯಿತು. ೩ರಿಂದ ೫ ವರ್ಷದ ಮಕ್ಕಳ ಶಿಶುವಿಹಾರವು ಉಚಿತವಾಯಿತು. ಹಿರಿಯರ ಮತವೇ ತೂಕವಾಗಿದ್ದ ದೇಶದಲ್ಲಿ ಇದು ನಡೆಯಿತು. ಹಾಗಾದರೆ ದೋಷವು ಮುದುಕರದೋ, ಕೊಡುವೆವೆಂದು ಒಂದನ್ನೊಂದು ಮೀರಿಸಿ ಕೂಗಿ ಬೆಲೆಯನ್ನು ಮರೆಮಾಡಿದ ಪಕ್ಷಗಳದೋ?

ಮಕ್ಕಳಿಗೂ ಮತವಿರಲಿ, ಅದನ್ನು ತಂದೆತಾಯಿಗಳು ಚಲಾಯಿಸಲಿ ಎಂದು ೧೯೮೬ರಲ್ಲಿ ಪಾಲ್ ದೆಮೆನಿ ಎಂಬ ಜನಸಂಖ್ಯಾಶಾಸ್ತ್ರಜ್ಞನು ಸೂಚಿಸಿದನು. ಜಪಾನಿನ ವಿದ್ವಾಂಸರು ಇದನ್ನು ಚರ್ಚಿಸಿದ್ದುಂಟು. ಸೂಚನೆ ಚಮತ್ಕಾರವಾಗಿದೆ. ಆದರೆ ಮಗುವಿನ ಹೆಸರಿನಲ್ಲಿ ಹಾಕಿದ ಮತವು ಮಗುವಿನ ಹಿತಕ್ಕೇ ಬಿದ್ದಿತೆಂದು ಹೇಳುವವರು ಯಾರು? ಎಣಿಕೆಯಿಂದ ಹುಟ್ಟಿದ ರೋಗಕ್ಕೆ ಇನ್ನಷ್ಟು ಎಣಿಕೆಯೇ ಮದ್ದೆನ್ನುವುದು ಸಂದೇಹಾಸ್ಪದ. ಜಪಾನು ೨೦೧೫ರಲ್ಲಿ ಮತದಾನದ ವಯಸ್ಸನ್ನು ೨೦ರಿಂದ ೧೮ಕ್ಕೆ ಇಳಿಸಿ ಅಷ್ಟಕ್ಕೆ ನಿಲ್ಲಿಸಿತು.

ಇತ್ತೀಚೆಗೆ ಗಾಳಿ ತಿರುಗಿದೆ. ದುಡಿಯುವವರ ಕೈಗೆ ಬರುವ ಸಂಬಳ ಹೆಚ್ಚಬೇಕೆಂಬ ಒಂದೇ ಕೂಗಿನಿಂದ ಒಂದು ಚಿಕ್ಕ ಪಕ್ಷವು ೨೦೨೪ರ ಚುನಾವಣೆಯಲ್ಲಿ ೭ ಸ್ಥಾನಗಳಿಂದ ೨೮ಕ್ಕೆ ಏರಿತು; ಆಳುವ ಕೂಟವು ಬಹುಮತವನ್ನು ಕಳೆದುಕೊಂಡಿತು. ೨೦೨೫ರ ಅಕ್ಟೋಬರಿನಲ್ಲಿ ಆಳುವ ಪಕ್ಷಕ್ಕೆ ಹೊಸದಾಗಿ ಜೊತೆಯಾದ ಇನ್ನೊಂದು ಪಕ್ಷದ ಕರಾರುಗಳಲ್ಲಿ ದುಡಿಯುವವರ ವಿಮಾ ವಂತಿಗೆಯನ್ನು ತಗ್ಗಿಸುವುದೂ ಸೇರಿತ್ತು. ಕಿರಿಯರು ಮಾತನಾಡತೊಡಗಿದುದು ಒಳ್ಳೆಯದು. ಆದರೆ ವಂತಿಗೆ ತಗ್ಗಿದರೆ ಯಾವ ಚಿಕಿತ್ಸೆ ತಗ್ಗಬೇಕೆಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳದಿದ್ದರೆ, ಹಿಂದಿನವರು ಕೊಡುಗೆಯ ಬೆಲೆಯನ್ನು ಮುಚ್ಚಿಟ್ಟಂತೆ ಇವರು ಉಳಿತಾಯದ ಬೆಲೆಯನ್ನು ಮುಚ್ಚಿಟ್ಟಂತಾಗುವುದು. ಅದೇ ವರ್ಷದ ಮಾರ್ಚಿಯಲ್ಲಿ, ದುಬಾರಿ ಚಿಕಿತ್ಸೆಗೆ ರೋಗಿಗಳು ಕೊಡಬೇಕಾದ ಮಿತಿಯನ್ನು ಏರಿಸಹೊರಟ ಸರಕಾರವು ಅರ್ಬುದ ರೋಗಿಗಳ ಮೊರೆ ಕೇಳಿ ಕೈ ತಡೆಯಬೇಕಾಯಿತು. ಆ ಮೊರೆಯಿಟ್ಟವರಲ್ಲಿ ಚಿಕ್ಕ ಮಕ್ಕಳ ತಂದೆತಾಯಿಗಳೂ ಇದ್ದರು. ರೋಗವು ವಯಸ್ಸು ನೋಡಿ ಬರುವುದಿಲ್ಲ. ಹಿರಿಯರು ಕಿರಿಯರೆಂದು ಗೆರೆ ಎಳೆದವರು ಮರೆಯುವುದು ಇದನ್ನೇ.

ಕನ್ನಡ ನಾಡಿಗೂ ಈ ಪ್ರಶ್ನೆ ದೂರದ್ದಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ ೧.೭ ಮಕ್ಕಳು, ಜನಸಂಖ್ಯೆ ಕುಗ್ಗದೆ ನಿಲ್ಲಲು ೨.೧ ಬೇಕು. ಬಿಹಾರದಲ್ಲಿ ಅದು ೩. ಹಿರಿಯರ ಸಂಖ್ಯೆ ತೆಂಕಣ ರಾಜ್ಯಗಳಲ್ಲಿ ಮೊದಲು ಹೆಚ್ಚುವುದು ನಿಶ್ಚಿತ. ೨೦೨೪ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಆಯುಷ್ಮಾನ್ ಭಾರತ ಯೋಜನೆಯನ್ನು ೭೦ ವರ್ಷ ತುಂಬಿದ ಎಲ್ಲರಿಗೂ, ಆದಾಯವೆಷ್ಟೆಂದು ನೋಡದೆ, ವರ್ಷಕ್ಕೆ ೫ ಲಕ್ಷ ರೂಪಾಯಿಯ ಮಿತಿಯಲ್ಲಿ ವಿಸ್ತರಿಸಿತು. ೭೦ ಎಂಬ ಆ ಸಂಖ್ಯೆ ಟೋಕಿಯೋ ನಗರವು ೧೯೬೯ರಲ್ಲಿ ಹಿಡಿದ ಸಂಖ್ಯೆಯೇ ಆಗಿರುವುದು ಆಕಸ್ಮಿಕವಿರಬಹುದು. ಆದರೆ ಇಲ್ಲಿಯ ತೊಡಕು ಜಪಾನಿನದಕ್ಕೆ ತಿರುವುಮುರುವಾದುದು. ಅಲ್ಲಿ ಮುಪ್ಪು ಹೆಚ್ಚಿದಂತೆ ಹಿರಿಯರ ಧ್ವನಿ ಹೆಚ್ಚಿತು. ಇಲ್ಲಿ ಲೋಕಸಭೆಯ ಸ್ಥಾನಗಳು ರಾಜ್ಯಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ ಸಲ್ಲತಕ್ಕವು. ಜನನ ತಗ್ಗಿಸಿದ ರಾಜ್ಯಗಳಿಗೆ ನಷ್ಟವಾಗದಿರಲೆಂದು ೧೯೭೬ರ ೪೨ನೆಯ ತಿದ್ದುಪಡಿಯು ೧೯೭೧ರ ಜನಗಣತಿಯ ಲೆಕ್ಕವನ್ನೇ ಸ್ಥಿರಗೊಳಿಸಿತು. ೨೦೦೧ರ ೮೪ನೆಯ ತಿದ್ದುಪಡಿಯು ಆ ಅವಧಿಯನ್ನು ೨೦೨೬ರ ಅನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಹೊಸ ಎಣಿಕೆಯಂತೆ ಹಂಚುವುದಾದರೆ, ಮುದುಕರು ಹೆಚ್ಚುವ ರಾಜ್ಯಗಳಿಗೆ ಸಭೆಯಲ್ಲಿ ಪಾಲು ಕಡಿಮೆ. ಅವರ ಔಷಧೋಪಚಾರದ ಹಣವನ್ನು ಗೊತ್ತುಮಾಡುವವರು ಬಹುಮಟ್ಟಿಗೆ ಕಿರಿಯ ವಯಸ್ಸಿನ ರಾಜ್ಯಗಳ ಪ್ರತಿನಿಧಿಗಳು. ಆ ರಾಜ್ಯಗಳ ತರುಣರೇ ಇಂದು ಬೆಂಗಳೂರಿಗೆ ಬಂದು ಮನೆ ಕಟ್ಟುತ್ತಾರೆ, ಕಾವಲು ಕಾಯುತ್ತಾರೆ ಎಂಬುದೂ ಈ ಲೆಕ್ಕದಲ್ಲಿ ಸೇರತಕ್ಕ ಮಾತು. ೧೫ನೆಯ ಹಣಕಾಸು ಆಯೋಗವು ರಾಜ್ಯಗಳಿಗೆ ತೆರಿಗೆಯ ಹಣವನ್ನು ಹಂಚುವಾಗ, ಜನನ ತಗ್ಗಿಸಿದುದಕ್ಕಾಗಿ ನೂರಕ್ಕೆ ೧೨.೫ರಷ್ಟು ತೂಕವನ್ನು ಬೇರೆಯಾಗಿ ಇರಿಸಿತ್ತು. ಸ್ಥಾನಗಳನ್ನು ಹಂಚುವ ಸಂವಿಧಾನದ ೮೧ನೆಯ ವಿಧಿಯಲ್ಲಿ ಅಂಥ ತೂಕದ ಮಾತಿಲ್ಲ. ಅಲ್ಲಿರುವುದು ತಲೆಗಳ ಎಣಿಕೆ ಮಾತ್ರ.